ಹಳೆಯ ಸೀಡಿಯಾಕ್ಕೆ ಹೊಸ ಸೈಲೆನ್ಸರ್: 25,000 ರೂಪಾಯಿಯೊಳಗೆ ಮಲೆನಾಡಿನ ಮಳೆ ತಡೆಯುವಂಥದ್ದು ಯಾವುದು?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2007ರ ಮಿತ್ಸುಬಿಷಿ ಲ್ಯಾನ್ಸರ್ ಸೀಡಿಯಾ ಇದೆ. 2.0 ಲೀಟರ್ ಪೆಟ್ರೋಲ್ ಎಂಜಿನ್, 115 ಅಶ್ವಶಕ್ತಿ. ಎರಡು ಬಾಗಿಲಿನ ಅಪ್ಪಟ ಸ್ಪೋರ್ಟ್ಸ್ ಕಾರು ಇದಲ್ಲ, ನಿಜ. ಆದರೆ ನಮ್ಮ ದೇಶದ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿ ಹೆಸರು ಮಾಡಿದ ಕಾರು. ಕಾಲೇಜಿನಲ್ಲಿದ್ದಾಗ ಚಿಕ್ಕಮಗಳೂರಿನ ಕಾಫಿ ತೋಟವೊಂದರ ಬೇಲಿಗೆ ಒರಗಿ ನಿಂತು, ಕೆಮ್ಮಣ್ಣು ಹಾರಿಸುತ್ತ ತಿರುವಿನಲ್ಲಿ ಮರೆಯಾದ ಸೀಡಿಯಾವನ್ನು ಕಂಡ ದಿನವೇ, ಎಂದಾದರೂ ಕಾರು ಕೊಂಡರೆ ಇದನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದ್ದೆ.

ಈಗ ತೊಂದರೆ ಸೈಲೆನ್ಸರಿನದು. ಕಳೆದ ಭಾನುವಾರ ಕಾರಿನಡಿ ಮಲಗಿ ಸ್ಕ್ರೂಡ್ರೈವರಿನ ಹಿಡಿಯಿಂದ ಹಿಂಬದಿಯ ಪೆಟ್ಟಿಗೆಯನ್ನು ತಟ್ಟಿದಾಗ ತುಕ್ಕು ಹಪ್ಪಳದ ಚೂರುಗಳಂತೆ ಮುಖದ ಮೇಲೆ ಉದುರಿತು. ಕೆಳಗಿನ ಹೊಲಿಗೆಯ ಬಳಿ ಹೆಬ್ಬೆರಳು ಹೋಗುವಷ್ಟು ತೂತು ಬಿದ್ದಿದೆ. ಅಲ್ಲದೆ ಕೆಲವು ತಿಂಗಳಿಂದ ಎಂಜಿನ್ ನಿಮಿಷಕ್ಕೆ 4,000 ಸುತ್ತಿನ ಮೇಲೆ ಹೋದರೆ ಕಾರು ಏದುಸಿರು ಬಿಟ್ಟಂತೆ ಎಳೆಯುತ್ತಿದೆ, ಮೈಲೇಜೂ ಇಳಿದಿದೆ. ಕಂಪನಿಯ ಮೂಲ ಸೈಲೆನ್ಸರ್ ಎಲ್ಲೂ ಸಿಗುತ್ತಿಲ್ಲ. ಹೇಗಿದ್ದರೂ ಬದಲಾಯಿಸಲೇಬೇಕು, ಬದಲಾಯಿಸುವಾಗ ಒಂದು ಮೆಟ್ಟಿಲು ಮೇಲಿನದನ್ನೇ ಹಾಕಿಸೋಣ ಎಂಬುದು ನನ್ನ ಆಸೆ.

ವಾರಕ್ಕೆ ಮೂರು ದಿನ ಮಂಡಗದ್ದೆ, ಗಾಜನೂರು ಮಾರ್ಗವಾಗಿ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿಯುತ್ತೇನೆ. ಕೈಯಲ್ಲಿರುವುದು 25,000 ರೂಪಾಯಿ. ಒಬ್ಬರು ಎರಡೂವರೆ ಇಂಚಿನ ನೇರ ಪೈಪ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಹೆಡರ್ (ಎಂಜಿನ್ನಿನಿಂದ ಹೊಗೆ ಹೊರತರುವ ಕೊಳವೆಗಳ ಗೊಂಚಲು) ಮೊದಲು ಎನ್ನುತ್ತಾರೆ, ಮತ್ತೊಬ್ಬರು ತೂತಿಗೆ ತಗಡು ಬೆಸೆದು ಸುಮ್ಮನಿರಿ ಎನ್ನುತ್ತಾರೆ. ಅನುಭವಸ್ಥರು ದಾರಿ ತೋರಿಸಬೇಕು.

ಕೆಂಪು ಪಾಲಿಯೋ, ಶಿವಮೊಗ್ಗ

ಅಣ್ಣ, ನಿಮ್ಮ ಕಾರು ನನಗೂ ಇಷ್ಟ. ನನ್ನದು ಫಿಯೆಟ್ ಪಾಲಿಯೋ 1.6, ನೂರು ಅಶ್ವಶಕ್ತಿಯದು. ನನ್ನ ಅನುಭವದಲ್ಲಿ ಹಣ ಹಾಕಬೇಕಾದದ್ದು ಹೆಡರಿಗೆ. ನಾಲ್ಕು ಸಿಲಿಂಡರಿನ ಹೊಗೆಯನ್ನು ಮ್ಯಾನಿಫೋಲ್ಡ್, ಅಂದರೆ ಕಂಪನಿ ಕೊಟ್ಟ ಎರಕದ ಹೊಗೆಕೊಳವೆ, ಒಂದೇ ಕಡೆಗೆ ನುಗ್ಗಿಸುತ್ತದೆ. ಅದರ ಬದಲು 4-2-1 ಹೆಡರ್ ಹಾಕಿದರೆ ನಾಲ್ಕು ಕೊಳವೆಗಳು ಮೊದಲು ಎರಡಾಗಿ, ಆಮೇಲೆ ಒಂದಾಗಿ ಸೇರುವುದರಿಂದ ಒಂದು ಸಿಲಿಂಡರಿನಿಂದ ಹೊರಟ ಹೊಗೆಯ ಅಲೆ ಮುಂದಿನ ಸಿಲಿಂಡರಿನ ಹೊಗೆಯನ್ನು ತನ್ನ ಹಿಂದೆ ಎಳೆದುಕೊಳ್ಳುತ್ತದೆ. ಘಾಟಿ ಹತ್ತುವಾಗ ಬೇಕಾಗುವ 2,500ರಿಂದ 4,500 ಸುತ್ತಿನ ನಡುವಿನ ಎಳೆತದಲ್ಲಿ ನನಗೆ ಸ್ಪಷ್ಟ ವ್ಯತ್ಯಾಸ ಕಂಡಿದೆ.

ಹಿಂದಿನ ಭಾಗಕ್ಕೆ ನಾನು ಎರಡೂವರೆ ಇಂಚಿನ ಪೈಪನ್ನೇ ಹಾಕಿಸಿದ್ದೇನೆ. ದನಿ ಬಹಳ ಚೆನ್ನಾಗಿದೆ, ದೂರ ಪ್ರಯಾಣದಲ್ಲಿ ಸ್ವಲ್ಪ ಗುಂಯ್ ಎನ್ನುತ್ತದೆ ಅಷ್ಟೆ.

ಬೆಸುಗೆ ಮನೆ, ಭದ್ರಾವತಿ

ಸರ್, ನಾನು ಇಪ್ಪತ್ತು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ. ಕಬ್ಬಿಣದ ಊರಿನವನು, ಹಾಗಾಗಿ ಲೋಹದ ಮಾತಿನಿಂದಲೇ ಶುರು ಮಾಡುತ್ತೇನೆ.

ಮಲೆನಾಡಿನಲ್ಲಿ ಸೈಲೆನ್ಸರು ಹೊರಗಿನ ಮಳೆಗಿಂತ ಹೆಚ್ಚಾಗಿ ಒಳಗಿನ ನೀರಿನಿಂದ ಸಾಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಪೇಟೆಗೆ ಹೋಗಿ ಹಾಲು, ತರಕಾರಿ ತರುವಂತಹ ನಾಲ್ಕೈದು ಕಿಲೋಮೀಟರಿನ ಓಡಾಟದಲ್ಲಿ ಹಿಂಬದಿಯ ಪೆಟ್ಟಿಗೆ ಪೂರ್ತಿ ಬಿಸಿಯಾಗುವುದೇ ಇಲ್ಲ. ಆವಿ ಅಲ್ಲೇ ತಣಿದು, ಹೊಗೆಯಲ್ಲಿನ ಆಮ್ಲದ ಅಂಶಗಳೊಂದಿಗೆ ಸೇರಿ, ತಳದ ಹೊಲಿಗೆಯಲ್ಲಿ ನಿಲ್ಲುತ್ತದೆ. ನಿಮ್ಮ ತೂತು ಕೆಳಗಿನ ಹೊಲಿಗೆಯಲ್ಲೇ ಬಿದ್ದಿರುವುದಕ್ಕೆ ಇದೇ ಕಾರಣ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಕಡೆ ಹೊರಗಿನ ತೇವವೂ ಅದಕ್ಕೆ ಜೊತೆಯಾಗುತ್ತದೆ.

ಸಾದಾ ಕಬ್ಬಿಣದ ಪೈಪ್ ಅಗ್ಗ, ಆದರೆ ನಮ್ಮಲ್ಲಿ ಮೂರು ನಾಲ್ಕು ಮಳೆಗಾಲಕ್ಕಿಂತ ಹೆಚ್ಚು ತಡೆದದ್ದನ್ನು ನಾನು ಕಂಡದ್ದು ಕಡಿಮೆ. ಅನೇಕ ಕಂಪನಿಗಳು ಬಳಸುವುದು 409 ಸ್ಟೀಲ್; ಅದರಲ್ಲಿ ಸುಮಾರು ಶೇ. 11ರಷ್ಟು ಕ್ರೋಮಿಯಂ ಇರುತ್ತದೆ, ಮೇಲೆ ಕಂದು ಬಣ್ಣ ಬಂದರೂ ಬೇಗ ತೂತಾಗುವುದಿಲ್ಲ. 304ರಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕಲ್ ಇರುತ್ತದೆ. ಹಣವಿದ್ದರೆ ಇದೇ ಸರಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು, ಅಂಟಲಿಲ್ಲ ಆದ್ದರಿಂದ ಇದು 304 ಎನ್ನುತ್ತಾರೆ. ಮನೆಯ ಮೆಟ್ಟಿಲ ಕಂಬಿಗೆ ಬಳಸುವ 202 ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಅದರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಬಿಸಿ ಮತ್ತು ಆಮ್ಲದ ಮುಂದೆ ಅದು ನಿಲ್ಲುವುದಿಲ್ಲ. ಒಮ್ಮೆ ಒಂದು ಅಂಗಡಿಯವರ ಮಾತು ನಂಬಿ ನಾನೇ ಮೋಸ ಹೋಗಿ, ಗಿರಾಕಿಯ ಕೆಲಸವನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟಿದ್ದೇನೆ. ಸ್ಟೀಲಿನ ಮೇಲೆ ಬಿಟ್ಟರೆ ಬಣ್ಣ ಬದಲಾಗುವ ಪರೀಕ್ಷಾ ದ್ರಾವಣದ ಸಣ್ಣ ಸೀಸೆ ಸಿಗುತ್ತದೆ, ಒಂದು ಹನಿ ಸಾಕು. ಅದನ್ನು ಹಾಕಿ ನೋಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಲೆಕ್ಕ ಹೀಗಿದೆ: ಎರಡು ಇಂಚು ಹೊರವ್ಯಾಸದ, ಒಂದೂವರೆ ಮಿಲಿಮೀಟರ್ ದಪ್ಪದ ಪೈಪ್ ಮೀಟರಿಗೆ ಎರಡು ಕಿಲೋಗೂ ಸ್ವಲ್ಪ ಕಡಿಮೆ ತೂಗುತ್ತದೆ. ನಿಮಗೆ ಬೇಕಾಗುವುದು ಸುಮಾರು ಮೂರು ಮೀಟರ್. ಪೈಪಿನ ಖರ್ಚು ನೀವು ಹೆದರುವಷ್ಟಿಲ್ಲ. ಹಣ ಹೋಗುವುದು ಬೆಂಡುಗಳಿಗೆ, ಪೆಟ್ಟಿಗೆಗಳಿಗೆ ಮತ್ತು ಕೆಲಸಕ್ಕೆ.

ಮೇಷ್ಟ್ರು, ಸಾಗರ

ಮೂವರ ಮಾತನ್ನೂ ಗಮನವಿಟ್ಟು ಓದಿದೆ. ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ನನ್ನದು 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಟರ್ಬೊ ಕಾರು, ಅಂದರೆ ಹೊಗೆಯ ರಭಸದಿಂದ ತಿರುಗುವ ಚಕ್ರವೊಂದು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವಂಥದ್ದು. ಟರ್ಬೊ ಇರುವ ಕಡೆ ಅದರ ಹಿಂದಿನ ಒತ್ತಡ ಇಳಿದಷ್ಟೂ ಲಾಭ, ಆದ್ದರಿಂದ ದೊಡ್ಡ ಪೈಪಿಗೆ ಅರ್ಥವಿದೆ. ತುಂಗಾತೀರದವರದು ಟರ್ಬೊ ಇಲ್ಲದ ಎಂಜಿನ್. ಅಂತರ್ಜಾಲದಲ್ಲಿ ಓದುವ ದೊಡ್ಡ ದೊಡ್ಡ ಅಂಕಿಗಳಲ್ಲಿ ಬಹುಪಾಲು ಟರ್ಬೊ ಕಾರುಗಳವು ಎಂಬುದನ್ನು ಮೊದಲು ಮನಸ್ಸಿನಲ್ಲಿಡಬೇಕು.

ಎಂಜಿನ್ನಿಗೆ ಸ್ವಲ್ಪ ಹಿಮ್ಮುಖ ಒತ್ತಡ ಬೇಕೇ ಬೇಕು ಎಂಬ ಮಾತು ಗ್ಯಾರೇಜುಗಳಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಅದು ಸರಿಯಲ್ಲ. ಒತ್ತಡ ಯಾವ ಎಂಜಿನ್ನಿಗೂ ಬೇಡ. ಬೇಕಾದದ್ದು ಹೊಗೆಯ ವೇಗ, ಅದೂ ಹೆಡರಿನ ಕೊಳವೆಗಳಲ್ಲಿ. ಎರಡು ಇಂಚಿನಿಂದ ಎರಡೂವರೆ ಇಂಚಿಗೆ ಹೋದರೆ ಪೈಪಿನ ಬಾಯಿಯ ವಿಸ್ತಾರ ಒಂದೂವರೆ ಪಟ್ಟಿಗೂ ಮೀರಿ ಹೆಚ್ಚುತ್ತದೆ, ಅಂದರೆ ಅಷ್ಟೇ ಹೊಗೆಯ ವೇಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಹೊಗೆಯಲ್ಲಿನ ವಿಷಾಂಶ ತಗ್ಗಿಸುವ ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ದಾಟಿದ ಮೇಲೆ ಇದರಿಂದ ಶಕ್ತಿ ನಷ್ಟವಾಗದಿರಬಹುದು, ಆದರೆ 115 ಅಶ್ವಶಕ್ತಿಯ ಎಂಜಿನ್ನಿಗೆ ಅಷ್ಟು ದೊಡ್ಡ ದಾರಿಯ ಅಗತ್ಯವೂ ಇಲ್ಲ. ಸಿಗುವುದು ಹೆಚ್ಚು ಶಬ್ದ, ಹೆಚ್ಚು ತೂಕ, ನೆಲಕ್ಕೆ ಅರ್ಧ ಇಂಚು ಹತ್ತಿರವಾಗುವ ಪೈಪ್. ಒಳ್ಳೆಯ ಸ್ಥಿತಿಯ ಸೈಲೆನ್ಸರಿನ ಬದಲು ಕ್ಯಾಟಿನ ಹಿಂದಿನ ಭಾಗವನ್ನಷ್ಟೇ ಬದಲಾಯಿಸಿದರೆ ಇಂತಹ ಎಂಜಿನ್ನಿನಲ್ಲಿ ಎರಡು ಮೂರು ಅಶ್ವಶಕ್ತಿ ಸಿಕ್ಕರೆ ಅದೇ ಹೆಚ್ಚು.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಮೊದಲ ಪತ್ರದ ಒಂದು ಸಾಲು, 4,000 ಸುತ್ತಿನ ಮೇಲೆ ಏದುಸಿರು ಎಂಬುದು. ಹೊಗೆಯ ದಾರಿಯಲ್ಲಿ ಎಲ್ಲೋ ಏನೋ ಅಡ್ಡ ಬಂದಿರಬಹುದು. ಎಲ್ಲಿ ಎಂದು ಗೊತ್ತಾಗದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಕ್ಯಾಟಿನ ಮುಂದಿರುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ, ಆ ತೂತಿಗೆ ಒತ್ತಡದ ಗೇಜ್ ಕೂರಿಸಿ ಅಳೆಯಿರಿ. ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಎಂಜಿನ್ ಓಡುವಾಗ, ಸುಮಾರು ಒಂದೂವರೆ ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಒಳಗೆ, 2,500 ಸುತ್ತಿನಲ್ಲಿ ಮೂರರ ಒಳಗೆ ಇರಬೇಕು. ಮೀರಿದರೆ ಕ್ಯಾಟಿನ ಹಿಂದಿನ ಫ್ಲಾಂಜ್ (ಬೋಲ್ಟ್ ಹಾಕಿ ಪೈಪುಗಳನ್ನು ಕೂಡಿಸುವ ತಟ್ಟೆ) ಬಿಚ್ಚಿ ಮತ್ತೊಮ್ಮೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಅಡ್ಡಿ ಕ್ಯಾಟಿನಲ್ಲಿ, ಇಳಿದರೆ ಹಿಂದೆ.

ತುಂಗಾತೀರ, ತೀರ್ಥಹಳ್ಳಿ

ಮೇಷ್ಟ್ರೇ, ನಿಮ್ಮ ಸಲಹೆಯಂತೆ ಸಾಗರ ರಸ್ತೆಯ ಒಂದು ಗ್ಯಾರೇಜಿನಲ್ಲಿ ನಿನ್ನೆ ಅಳೆಸಿದೆ. ಐಡಲಿನಲ್ಲಿ 2, 2,500 ಸುತ್ತಿನಲ್ಲಿ ನಾಲ್ಕೂವರೆ ಬಂತು. ಕ್ಯಾಟಿನ ಹಿಂದಿನ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ಎಣ್ಣೆ ಬಿಟ್ಟು, ಬಿಸಿ ಮಾಡಿ, ಒಂದನ್ನು ಕತ್ತರಿಸಿ ಬಿಚ್ಚಬೇಕಾಯಿತು. ಆಮೇಲೆ ಅಳೆದಾಗ 2,500 ಸುತ್ತಿನಲ್ಲಿ ಒಂದೂಕಾಲು ಮಾತ್ರ!

ಕ್ಯಾಟ್ ಸರಿಯಿದೆ ಎಂದು ನೆಮ್ಮದಿಯಾಯಿತು. ಹಿಂಬದಿಯ ಪೆಟ್ಟಿಗೆಯನ್ನು ಗ್ರೈಂಡರಿನಿಂದ ಸೀಳಿ ನೋಡಿದರೆ, ಒಳಗಿನ ತಗಡಿನ ತಡಿಕೆಯೊಂದು ಬೆಸುಗೆ ಬಿಟ್ಟು ಮಗುಚಿ, ಒಳಬರುವ ಪೈಪಿನ ಬಾಯಿಯನ್ನು ಮುಕ್ಕಾಲು ಪಾಲು ಮುಚ್ಚಿಕೊಂಡು ನಿಂತಿತ್ತು. ಪೆಟ್ಟಿಗೆಯ ತಳದಲ್ಲಿ ಒಂದು ಹಿಡಿ ತುಕ್ಕಿನ ಪುಡಿ. ಹೊರಗಿನ ತೂತಿಗೆ ತಗಡು ಬೆಸೆದು ಸುಮ್ಮನಿದ್ದಿದ್ದರೆ ಕಾರು ಇನ್ನಷ್ಟು ಉಸಿರುಗಟ್ಟುತ್ತಿತ್ತು.

ಕೆಂಪು ಪಾಲಿಯೋ, ಶಿವಮೊಗ್ಗ

ಇದನ್ನು ಓದಿದ ಮೇಲೆ ನಿಮ್ಮ ಕಾರಿನ ಮಟ್ಟಿಗೆ ಹಿಂಬದಿಯೇ ಮೊದಲು ಎಂದು ಒಪ್ಪುತ್ತೇನೆ. ಆದರೂ ಹೆಡರ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಮುಂದೊಮ್ಮೆ ಹಣ ಕೂಡಿದಾಗ ಹಾಕಿಸುವ ಮನಸ್ಸಿದ್ದರೆ ಈಗಲೇ ಕ್ಯಾಟಿನ ಎರಡೂ ಕಡೆ ಬೋಲ್ಟ್ ಹಾಕುವ ಫ್ಲಾಂಜ್ ಇಡಿಸಿ. ಇಡೀ ಸಾಲನ್ನು ಒಂದೇ ತುಂಡಾಗಿ ಬೆಸೆದರೆ ಆಮೇಲೆ ಕತ್ತರಿಸುವುದೇ ಗತಿ. ಇನ್ನೊಂದು ಮಾತು, ಕೆಲವು ಕಾರುಗಳಲ್ಲಿರುವಂತೆ ಕ್ಯಾಟ್ ತೆಗೆದು ಖಾಲಿ ಪೈಪ್ ಹಾಕಿಸಿದರೆ ಹೇಗೆ? ಖರ್ಚು ಬಹಳ ಕಡಿಮೆ.

ಕರಿಕೋಟು, ಶಿವಮೊಗ್ಗ

ಕೊನೆಯ ಪ್ರಶ್ನೆಗೆ ವಕೀಲಳಾಗಿ ಉತ್ತರಿಸುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ಹೊಂದದಂತಹ ಮಾರ್ಪಾಡನ್ನು ನಿಷೇಧಿಸುತ್ತದೆ, ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ, ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ 190(2)ನೇ ಕಲಂ ಪ್ರಕಾರ 10,000 ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ನಿಷಿದ್ಧ ಮಾರ್ಪಾಡಿಗೆ 182ಎ ಕಲಮಿನಲ್ಲಿ ಮಾಲೀಕರ ಮೇಲೆ ಪ್ರತ್ಯೇಕ ಹೊಣೆಯಿದೆ.

ಕ್ಯಾಟ್ ತೆಗೆದ ಕಾರು ಹೊಗೆ ತಪಾಸಣೆಯಲ್ಲೂ ಪಾಸಾಗುವುದು ಕಷ್ಟ. ತುಂಗಾತೀರದವರ ಕಾರಿಗೆ 15 ವರ್ಷ ತುಂಬಿದ್ದು 2022ರಲ್ಲಿ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಕ್ಯಾಟ್ ಹಾಗೇ ಇರಲಿ, ಶಬ್ದ ಮೂಲ ಸೈಲೆನ್ಸರಿನಷ್ಟೇ ಇರಲಿ. ಕೆಲಸದ ಬಿಲ್ಲನ್ನೂ ಹಳೆಯ ಸೈಲೆನ್ಸರಿನ ಫೋಟೊವನ್ನೂ ಇಟ್ಟುಕೊಂಡಿರಿ.

ಕಾನೂನಿಗೆ ಹೊರತಾದ ಒಂದು ಮಾತು. ನೀವು ಓಡಾಡುವ ರಸ್ತೆಯಲ್ಲೇ ಮಂಡಗದ್ದೆಯ ಪಕ್ಷಿಧಾಮವಿದೆ, ಮುಂದೆ ಸಕ್ರೆಬೈಲಿನಲ್ಲಿ ಆನೆಗಳಿವೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದು ರಸ್ತೆಯಿಂದ ಕಲ್ಲೆಸೆತದ ದೂರದಲ್ಲಿ. ಅಲ್ಲಿ ಗರ್ಜಿಸುತ್ತ ಹೋಗುವ ಕಾರುಗಳನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಅಡಕೆ ತೋಟ, ಕೊಪ್ಪ

ತೋಟದ ಮನೆಯಲ್ಲಿ ಹಳೆಯ ಕಾರು ಇಟ್ಟುಕೊಂಡವನಾಗಿ ಎರಡು ವಿಷಯ ಸೇರಿಸುತ್ತೇನೆ. ಮೊದಲನೆಯದು ಬೆಂಕಿಯದು. ಕ್ಯಾಟ್ ಕೆಲಸ ಮಾಡುವಾಗ ಹಲವು ನೂರು ಡಿಗ್ರಿ ಬಿಸಿಯಿರುತ್ತದೆ. ಫಾಲ್ಗುಣ, ಚೈತ್ರದಲ್ಲಿ ಘಾಟಿ ಹತ್ತಿ ಬಂದ ಕಾರನ್ನು ದರಕಿನ (ಒಣ ಎಲೆಗಳ) ಮೇಲೆ ನಿಲ್ಲಿಸಿದರೆ ಕಿಡಿ ಬೇಕಿಲ್ಲ, ಆ ಬಿಸಿಯೇ ಸಾಕು. ಕ್ಯಾಟಿನ ಕೆಳಗಿರುವ ತಗಡಿನ ಶಾಖಕವಚವನ್ನು ಗಡಗಡ ಸದ್ದು ಮಾಡುತ್ತದೆಂದು ಕಿತ್ತೆಸೆಯುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ; ಅದನ್ನು ಮತ್ತೆ ಬಿಗಿ ಮಾಡಿಸಿ ಹಾಕಿಸಿಕೊಳ್ಳಿ.

ಎರಡನೆಯದು ಕಡಜ. ತಿಂಗಳುಗಟ್ಟಲೆ ನಿಂತ ಕಾರಿನ ಸೈಲೆನ್ಸರ್ ಬಾಯಲ್ಲಿ ಅವು ಮಣ್ಣಿನ ಗೂಡು ಕಟ್ಟುತ್ತವೆ. ಹೊರಡುವ ಮುನ್ನ ಬಗ್ಗಿ ನೋಡುವುದು ಒಳ್ಳೆಯದು.

ತುಂಗಾತೀರ, ತೀರ್ಥಹಳ್ಳಿ

ಎಲ್ಲರ ಮಾತನ್ನೂ ತೂಗಿ ನೋಡಿ ಹೀಗೆ ನಿರ್ಧರಿಸಿದ್ದೇನೆ. ಮ್ಯಾನಿಫೋಲ್ಡ್ ಮತ್ತು ಕ್ಯಾಟ್ ಇದ್ದಂತೆಯೇ ಇರುತ್ತವೆ. ಕ್ಯಾಟಿನ ಹಿಂದಿನಿಂದ ಎರಡು ಇಂಚಿನ 304 ಪೈಪ್. ನಡುವೆ ನೇರ ದಾರಿಯ, ಸಣ್ಣ ತೂತುಗಳ ಕೊಳವೆಯ ಸುತ್ತ ಗಾಜಿನ ನಾರು ತುಂಬಿದ ರೆಸೋನೇಟರ್ ಎಂಬ ಶಬ್ದ ತಗ್ಗಿಸುವ ಪೆಟ್ಟಿಗೆ. ಹಿಂದೆ ತಡಿಕೆಗಳಿರುವ ದೊಡ್ಡ ಪೆಟ್ಟಿಗೆ. ಭದ್ರಾವತಿಯವರೇ, ಎರಡೂ ಪೆಟ್ಟಿಗೆಗಳನ್ನು ನೇರ ದಾರಿಯವೇ ಮಾಡಬಹುದೇ? ಬೆಸುಗೆಯ ಸಮಯದಲ್ಲಿ ಏನೇನು ನೋಡಿಕೊಳ್ಳಬೇಕು?

ಬೆಸುಗೆ ಮನೆ, ಭದ್ರಾವತಿ

ಬೇಡ ಸರ್. ಗಾಜಿನ ನಾರು ತೀಕ್ಷ್ಣವಾದ ದನಿಯನ್ನು ಚೆನ್ನಾಗಿ ನುಂಗುತ್ತದೆ, ಮಂದ್ರದ ಗುಡುಗನ್ನು ನುಂಗುವುದಿಲ್ಲ. ವರ್ಷಗಳು ಕಳೆದಂತೆ ನಾರು ಸುಟ್ಟು ಉದುರಿ ಶಬ್ದವೂ ಏರುತ್ತದೆ. ಒಂದು ಅದು, ಒಂದು ತಡಿಕೆಯದು ಎಂಬ ನಿಮ್ಮ ಜೋಡಿಯೇ ಸರಿ. ಹಿಂಬದಿಯ ಪೆಟ್ಟಿಗೆಯ ಅತಿ ತಗ್ಗಿನ ಜಾಗದಲ್ಲಿ ಮೂರು ಮಿಲಿಮೀಟರಿನ ತೂತೊಂದನ್ನು ಕೊರೆಸಿ, ನೀರು ಹೊರಹೋಗುತ್ತದೆ. ದನಿಗೆ ಅದರಿಂದ ಏನೂ ಆಗುವುದಿಲ್ಲ.

ಬೆಸುಗೆ ಟಿಗ್‌ನಲ್ಲೇ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಆಗಲಿ. ಹೊರಗಿನ ಹೊಲಿಗೆ ಎಷ್ಟೇ ಚೆಂದ ಕಂಡರೂ, ಪೈಪಿನ ಒಳಗೆ ಆರ್ಗಾನ್ ಹಾಯಿಸದೆ ಬೆಸೆದರೆ ಒಳಬದಿ ಸಕ್ಕರೆ ಹರಳು ಕಟ್ಟಿದಂತೆ ಒರಟಾಗಿ ಕಪ್ಪಾಗುತ್ತದೆ. ತುಕ್ಕು ಅಲ್ಲಿಂದಲೇ ಶುರು. ಹಳೆಯ ಕಬ್ಬಿಣದ ಫ್ಲಾಂಜಿಗೆ 304 ಸೇರಿಸುವಾಗ 309ಎಲ್ ಬೆಸುಗೆ ಕಡ್ಡಿ ಬೇಕು. ಕೆಲಸ ಶುರುವಾಗುವ ಮೊದಲು ಬ್ಯಾಟರಿಯ ವೈರ್ ತೆಗೆಸಿ, ಇಲ್ಲದಿದ್ದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಅಪಾಯ. ಮೊದಲು ಕಾರಿನಡಿಯಲ್ಲೇ ಚುಕ್ಕಿ ಬೆಸುಗೆ ಹಾಕಿ ಜಾಗ ಗುರುತಿಸಿ, ಆಮೇಲೆ ಇಳಿಸಿ ಪೂರ್ತಿ ಮಾಡಬೇಕು. ಆ ಹೊತ್ತಿಗೆ ಕಾರಿನ ಭಾರ ಚಕ್ರಗಳ ಮೇಲಿರಬೇಕು. ಜಾಕಿನ ಮೇಲೆ ಚಕ್ರ ಜೋತುಬಿದ್ದಿದ್ದಾಗ ಅಳತೆ ಹಿಡಿದರೆ ರಸ್ತೆಗಿಳಿದ ಮೇಲೆ ಪೈಪ್ ಸಸ್ಪೆನ್ಷನ್ನಿಗೆ ತಾಗುತ್ತದೆ.

304 ಬಿಸಿಗೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಎರಡೂವರೆ ಮೀಟರ್ ಉದ್ದದ ಪೈಪ್ ಮುನ್ನೂರು ಡಿಗ್ರಿ ಏರಿದರೆ ಹನ್ನೆರಡು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಬಂಪರಿನ ಕೊರೆತದಲ್ಲಿ ಅಷ್ಟು ಜಾಗ ಬಿಡಿಸಿ, ಹ್ಯಾಂಗರ್ ರಬ್ಬರುಗಳನ್ನೆಲ್ಲ ಹೊಸದಾಗಿ ಹಾಕಿಸಿ.

ತುಂಗಾತೀರ, ತೀರ್ಥಹಳ್ಳಿ

ಕೆಲಸ ಮುಗಿದು ಮೂರು ವಾರವಾಯಿತು. ಪೈಪ್ ಮತ್ತು ಬೆಂಡುಗಳಿಗೆ 5,200, ಎರಡು ಪೆಟ್ಟಿಗೆಗಳಿಗೆ 11,000, ಫ್ಲಾಂಜ್, ಗ್ಯಾಸ್ಕೆಟ್, ರಬ್ಬರುಗಳಿಗೆ 1,900, ಕೂಲಿ 4,500. ಒಟ್ಟು 22,600 ರೂಪಾಯಿ. ಒತ್ತಡ ಈಗ 2,500 ಸುತ್ತಿನಲ್ಲಿ ಒಂದೂಮುಕ್ಕಾಲು. 4,000 ದಾಟಿದರೂ ಕಾರು ನಿರಾಯಾಸವಾಗಿ ಎಳೆಯುತ್ತದೆ. ಇದು ಹೊಸ ಶಕ್ತಿಯಲ್ಲ, ಕಳೆದುಹೋಗಿದ್ದ ಶಕ್ತಿ ಮರಳಿ ಬಂದದ್ದು ಎಂಬುದು ನನಗೆ ತಿಳಿದಿದೆ. ಆದರೂ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಒಂದು ತೊಂದರೆ ಉಳಿದಿದೆ. ಐದನೇ ಗೇರಿನಲ್ಲಿ ಸರಿಯಾಗಿ 2,600 ಸುತ್ತಿಗೆ ಬಂದಾಗ ಒಳಗೆ ಕಿವಿಗೆ ಒತ್ತುವಂತಹ ಗುಂಯ್‌ಗುಡುವಿಕೆ. ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮ ಗಾಜನೂರು ಬರುವಷ್ಟರಲ್ಲಿ ತಲೆನೋವು ಎಂದರು.

ಮೇಷ್ಟ್ರು, ಸಾಗರ

ಇದಕ್ಕೆ ಪರಿಹಾರವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಸಿಡಿಯುತ್ತದೆ. ನಿಮಿಷಕ್ಕೆ 2,600 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 87 ಸಿಡಿತ, ಅಂದರೆ 87 ಹರ್ಟ್ಸ್. ಮುಖ್ಯ ಪೈಪಿನಿಂದ ಒಂದು ಕೊಂಬೆಯಂತೆ, ತುದಿ ಮುಚ್ಚಿದ ಪೈಪನ್ನು ಬೆಸೆದು, ಅದರ ಉದ್ದ ಆ ದನಿಯ ಅಲೆಯ ಕಾಲು ಭಾಗದಷ್ಟಿರುವಂತೆ ಮಾಡಿದರೆ, ಒಳಹೋಗಿ ಮರಳುವ ಅಲೆ ಎದುರಾಗಿ ಬರುವ ಅಲೆಯನ್ನು ಅಳಿಸುತ್ತದೆ. ಬಿಸಿ ಹೊಗೆಯಲ್ಲಿ ಶಬ್ದ ವೇಗವಾಗಿ ಸಾಗುತ್ತದೆ. ಕೊಂಬೆಯೊಳಗೆ ಅದನ್ನು ಸೆಕೆಂಡಿಗೆ ಸುಮಾರು 420 ಮೀಟರ್ ಎಂದು ಹಿಡಿದರೆ ಉದ್ದ 1.2 ಮೀಟರ್ ಬರುತ್ತದೆ. ಜಾಗ ಸಾಲದಿದ್ದರೆ ಬಗ್ಗಿಸಬಹುದು. ತಾಪ ಖಚಿತವಾಗಿ ತಿಳಿಯದ ಕಾರಣ ಮೊದಲು 1.3 ಮೀಟರ್ ಇಟ್ಟು, ಎರಡೆರಡು ಸೆಂಟಿಮೀಟರ್ ಕತ್ತರಿಸುತ್ತ, ಪ್ರತಿ ಬಾರಿ ಓಡಿಸಿ ಕೇಳಿ.

ಕೆಂಪು ಪಾಲಿಯೋ, ಶಿವಮೊಗ್ಗ

ಮೇಷ್ಟ್ರೇ, ನನ್ನ ಕಾರಿನಲ್ಲಿ ಆ ಗುಂಯ್ ಬರುವುದು ಸರಿಯಾಗಿ 3,000 ಸುತ್ತಿಗೆ. ಹಾಗಾದರೆ 100 ಹರ್ಟ್ಸ್, ಉದ್ದ ಒಂದು ಮೀಟರಿಗೆ ತುಸು ಹೆಚ್ಚು ಎಂದಾಯಿತಲ್ಲವೇ? ನಾನೂ ಮಾಡಿಸಿ ನೋಡುತ್ತೇನೆ.

ತುಂಗಾತೀರ, ತೀರ್ಥಹಳ್ಳಿ

ಉಳಿದಿದ್ದ ಪೈಪಿನ ತುಂಡಿನಲ್ಲೇ ಕೊಂಬೆ ಮಾಡಿಸಿದೆ. ಮೂರು ಬಾರಿ ಕತ್ತರಿಸಿ, 1.24 ಮೀಟರಿಗೆ ಬಂದಾಗ ಗುಂಯ್‌ಗುಡುವಿಕೆ ಇಳಿಯಿತು. ಪೂರ್ತಿ ಹೋಗಿಲ್ಲ, ಆದರೆ ಹಿಂದಿನ ಸೀಟಿನವರೊಂದಿಗೆ ಸಾಧಾರಣ ದನಿಯಲ್ಲಿ ಮಾತನಾಡಬಹುದು. ಹೊಗೆ ತಪಾಸಣೆಯಲ್ಲಿ ಕಾರು ಪಾಸಾಗಿದೆ. ಐನೂರು ಕಿಲೋಮೀಟರಿನ ನಂತರ ಫ್ಲಾಂಜಿನ ಎರಡು ಬೋಲ್ಟುಗಳು ಅರ್ಧ ಸುತ್ತು ಸಡಿಲವಾಗಿದ್ದವು, ಬಿಗಿ ಮಾಡಿಸಿದ್ದೇನೆ. ನಿನ್ನೆ ಬೆಳಿಗ್ಗೆ ಕಾರು ಶುರು ಮಾಡಿ ಹಿಂದೆ ಹೋಗಿ ಬಗ್ಗಿ ನೋಡಿದೆ: ಪೆಟ್ಟಿಗೆಯ ತಳದ ಮೂರು ಮಿಲಿಮೀಟರಿನ ತೂತಿನಿಂದ ನೀರು ಒಂದೊಂದೇ ಹನಿಯಾಗಿ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು.